ಇಪ್ಪತ್ತು ಪಿಕ್ಸೆಲ್‌ನಲ್ಲಿ ಟೋಪು ತೆನೆ

ತಂತ್ರಾಂಶದಲ್ಲಿ ಒಂದು ವಸ್ತುವಿನ ಗುಣಗಳನ್ನು ಸಾಲುಸಾಲಾಗಿ ತೋರಿಸಿ ತಿದ್ದಲು ಬಿಡುವ ಪಟ್ಟಿಗೆ ಪ್ರಾಪರ್ಟಿ ಗ್ರಿಡ್ ಎನ್ನುತ್ತಾರೆ. ಅದರ ಪ್ರತಿ ಸಾಲಿನಲ್ಲೂ, ಮೌಲ್ಯ ಬರೆಯುವ ಜಾಗದ ಎಡತುದಿಗೆ, ಒಂದು ಪುಟ್ಟ ಚಿತ್ರಕ್ಕೆ ಜಾಗವಿದೆ. ಅಗಲ ಸುಮಾರು 20 ಪಿಕ್ಸೆಲ್, ಎತ್ತರ ಅದಕ್ಕೂ ಕಡಿಮೆ. ಬಣ್ಣದ ಪ್ರಾಪರ್ಟಿ ಆದರೆ ಅಲ್ಲೊಂದು ಬಣ್ಣದ ಚೌಕ ಕಾಣುತ್ತದಲ್ಲ, ಅದೇ ಜಾಗ. ಅಷ್ಟರೊಳಗೆ ಇಳಕಲ್ ಸೀರೆಯ ಟೋಪು ತೆನೆ, ಅಂದರೆ ಜೋಳದ ತೆನೆಯ ನಮೂನೆಯ, ಸೆರಗನ್ನು ಬಿಡಿಸಲು ನನಗೆ ಹನ್ನೊಂದು ಸಂಜೆ ಬೇಕಾಯಿತು. ಮೊದಲ ಹತ್ತು ಸಂಜೆ ಬಿಡಿಸಿದ್ದನ್ನು ಮಗ್ಗದ ಮನೆಯವರಿಗೆ ತೋರಿಸಿದಾಗಲೆಲ್ಲ "ಇದು ರಂಪ ಏನ್ರೀ?" ಎಂದೇ ಕೇಳಿದರು. ರಂಪ ಅಂದರೆ ಗುಡ್ಡದ ಸಾಲಿನಂಥ ನಮೂನೆ, ಬೇರೆಯದೇ. ಹನ್ನೊಂದನೆಯ ದಿನ ಆ ಮನೆಯ ಅಜ್ಜಿ ನನ್ನ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿ ಹೇಳಿದರು: "ಬಿಳಿ ಬಿಡಸಬ್ಯಾಡ ತಮ್ಮಾ. ಕೆಂಪು ಬಿಡಸು. ಬಿಳಿ ತಾನ ಉಳಿತೈತಿ."

ಅಷ್ಟೇ ಆಗಿತ್ತು. ನಾನು ಅಷ್ಟು ದಿನ ಕೆಂಪು ನೆಲದ ಮೇಲೆ ಬಿಳಿ ಹಲ್ಲುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಬಿಳಿ ನೆಲ ಹಾಕಿ, ಎರಡೂ ಕಡೆಯಿಂದ ಕೆಂಪು ತೆನೆಗಳನ್ನು ಎದುರುಬದುರು ಚಾಚಿದ ಕೂಡಲೇ ಆ ಹದಿನೈದಿಪ್ಪತ್ತು ಚುಕ್ಕೆಗಳು ಸೆರಗಾದವು. ಅಜ್ಜಿ ಹೆಚ್ಚೇನೂ ಹೇಳದೆ ಒಳಗೆ ಹೋದರು. ಬಾಗಲಕೋಟೆಗೆ ಮರಳುವ ಬಸ್ಸಿನಲ್ಲಿ, ಅಮೀನಗಡದಲ್ಲಿ ಕರದಂಟು ಕೊಳ್ಳಲು ಜನ ಇಳಿದಾಗ, ನಾನು ಲ್ಯಾಪ್‌ಟಾಪ್ ತೆಗೆದು ಆ ಚಿತ್ರವನ್ನು ಮತ್ತೆ ನೋಡಿದೆ.

ಈ ಕೆಲಸದ ಹಿನ್ನೆಲೆ ಇಷ್ಟು. ಬಾಗಲಕೋಟೆಯ ನವನಗರದಲ್ಲಿ ಕೂತು ನಾನು ಡೆಸ್ಕ್‌ಟಾಪ್ ತಂತ್ರಾಂಶ ಬರೆಯುತ್ತೇನೆ. ಇಳಕಲ್‌ನ ಪರಿಚಯದ ಒಂದು ಮಗ್ಗದ ಮನೆಯವರು, ತಮ್ಮ ಸೀರೆಗಳ ಲೆಕ್ಕ ಪುಸ್ತಕದಿಂದ ಕಂಪ್ಯೂಟರಿಗೆ ಬರಲಿ, ಹೊಸ ನಮೂನೆಯನ್ನು ನೇಯುವ ಮೊದಲೇ ತೆರೆಯ ಮೇಲೆ ನೋಡುವಂತಾಗಲಿ ಎಂದರು. ಅವರಲ್ಲಿ ಇದ್ದದ್ದು ಹಳೆಯ ವಿಂಡೋಸ್ ಕಂಪ್ಯೂಟರ್ ಒಂದು. ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದ್ದರಿಂದ ವೆಬ್ ಬೇಡ, ಡೆಸ್ಕ್‌ಟಾಪ್ ಎಂದು ಮೊದಲ ದಿನವೇ ತೀರ್ಮಾನವಾಯಿತು. ಎಡಕ್ಕೆ ಸೀರೆಯ ಚಿತ್ರ, ಬಲಕ್ಕೆ ಅದರ ಗುಣಗಳ ಪಟ್ಟಿ. ಆ ಪಟ್ಟಿಗೆ ಪ್ರಾಪರ್ಟಿ ಗ್ರಿಡ್ ಎಂಬ ಸಿದ್ಧ ನಿಯಂತ್ರಣ ಇದ್ದೇ ಇದೆ.

ಅದರ ವಂಶಾವಳಿ ನನ್ನ ಪೀಳಿಗೆಯ ಪ್ರೋಗ್ರಾಮರುಗಳಿಗೆ ಬಾಯಿಪಾಠ. 1990ರ ದಶಕದ ಆರಂಭದಲ್ಲೇ ವಿಷುಯಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಸಲಕರಣೆಯಲ್ಲಿ ಪ್ರಾಪರ್ಟೀಸ್ ಕಿಟಕಿ ಇತ್ತು. 1995ರಲ್ಲಿ ಬಂದ ಡೆಲ್ಫಿ ಅದನ್ನು ಆಬ್ಜೆಕ್ಟ್ ಇನ್‌ಸ್ಪೆಕ್ಟರ್ ಎಂದು ಕರೆದು, ನಿಮ್ಮ ಸ್ವಂತ ಪ್ರಾಪರ್ಟಿ ಎಡಿಟರ್ (ಒಂದು ಗುಣದ ಮೌಲ್ಯ ತಿದ್ದುವ ಸಲಕರಣೆ) ಬರೆದು ನೋಂದಾಯಿಸಿ ಎಂದು ಬಾಗಿಲು ತೆರೆಯಿತು. ಜಾವಾ ಭಾಷೆಯ ಜಾವಾಬೀನ್ಸ್ ಅದೇ ವಿಚಾರಕ್ಕೆ ಒಂದು ಶಿಸ್ತಿನ ಒಪ್ಪಂದ ಕೊಟ್ಟಿತು. 2002ರಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಬಂದಾಗ ಕೆಲಸ ಎರಡು ಭಾಗವಾಯಿತು. ಮೌಲ್ಯವನ್ನು ಪಠ್ಯಕ್ಕೂ ಪಠ್ಯವನ್ನು ಮೌಲ್ಯಕ್ಕೂ ತಿರುಗಿಸಲು ಟೈಪ್‌ಕನ್ವರ್ಟರ್. ಪಠ್ಯ ಸಾಲದು, ತನ್ನದೇ ಪುಟ್ಟ ಕಿಟಕಿ ಬೇಕು ಎನ್ನುವವರಿಗೆ ಯುಐಟೈಪ್‌ಎಡಿಟರ್. ಈ ಎರಡನೆಯದನ್ನು ಗ್ರಿಡ್ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನ ಬಗೆ ಯಾವುದು? ಉತ್ತರ ಮೂರೇ. ಏನೂ ಇಲ್ಲ, ಕೆಳಮುಖ ಬಾಣ ಒತ್ತಿದರೆ ಇಳಿಯುವ ಡ್ರಾಪ್‌ಡೌನ್, ಮೂರು ಚುಕ್ಕೆಯ ಗುಂಡಿ ಒತ್ತಿದರೆ ತೆರೆಯುವ ಪ್ರತ್ಯೇಕ ಕಿಟಕಿ.

ನನ್ನ ಮೊದಲ ಆವೃತ್ತಿಯಲ್ಲಿ ಈ ಯಾವುದೂ ಇರಲಿಲ್ಲ. ಬಣ್ಣ ಬಿಟ್ಟರೆ ಎಲ್ಲವೂ ಸಂಖ್ಯೆ ಅಥವಾ ಪಠ್ಯ. ಉದ್ದ: ಸಂಖ್ಯೆ. ದಡಿಯ ನಮೂನೆ: ಪಠ್ಯ. ಬಣ್ಣ: ಬಣ್ಣ. ಪಟ್ಟಿಗಳ (ಒಡಲಿನ ಬಣ್ಣದ ಗೆರೆಗಳ) ಕ್ರಮ: ಪಠ್ಯ. ಗ್ರಿಡ್ ತುಂಬ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅಕಾರಾದಿಯಲ್ಲಿ ವಿಭಾಗಗಳನ್ನು ಜೋಡಿಸುವುದು ಗ್ರಿಡ್‌ನ ರೂಢಿ. ಒಡಲು, ದಡಿ, ಸೆರಗು ಎಂದು ಬರೆದಾಗ ಕನ್ನಡದ ಅಕ್ಷರಮಾಲೆಯೇ ಅವನ್ನು ನೇಕಾರರು ಹೇಳುವ ಕ್ರಮದಲ್ಲಿ ಕೂರಿಸಿಬಿಟ್ಟಿತು. ಒ ಮೊದಲು, ದ ಆಮೇಲೆ, ಸ ಕೊನೆಗೆ. ಆ ದಿನ ನಾನು ತುಂಬ ಸಂತೋಷಪಟ್ಟೆ. ಇಂಗ್ಲಿಷ್ ಹೆಸರುಗಳಾಗಿದ್ದರೆ ಹೆಸರಿನ ಮುಂದೆ ಕಾಣದ ಟ್ಯಾಬ್ ಅಕ್ಷರ ಸೇರಿಸಿ ಕ್ರಮ ಬದಲಿಸುವ ಹಳೆಯ ಉಪಾಯ ಮಾಡಬೇಕಿತ್ತು.

ತೋರಿಸಲು ಇಳಕಲ್‌ಗೆ ಹೋದೆ. ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು. 'ಪಟ್ಟಿಗಳ ಕ್ರಮ' ಎಂಬ ಸಾಲಿನ ಮುಂದೆ ಕರ್ಸರ್ ಮಿನುಗುತ್ತಿತ್ತು. ಅವರು ಅದನ್ನೇ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು: "ಇಲ್ಲಿ ಏನ್ ಬರೀಬೇಕ್ರಿ?"

ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರು. ಸೀರೆಯೊಂದನ್ನು ಎರಡು ಬೆರಳಲ್ಲಿ ಹಿಡಿದರೆ ನೂಲಿನ ನಂಬರ್ ಹೇಳುವವರು. ಅವರಿಗೆ ಗೊತ್ತಿರುವ ವಿಷಯವನ್ನೇ ನಾನು ಅವರಿಗೆ ಬರೆಯಲು ಬಾರದ ಹಾಗೆ ಕೇಳಿದ್ದೆ. ಆ ಖಾಲಿ ಡಬ್ಬಿಯ ಮುಂದೆ ಅವರು ಸುಮ್ಮನೆ ಕೂತ ರೀತಿ ನನಗೆ ಇವತ್ತಿಗೂ ನೆನಪಿದೆ. ಪ್ರಾಪರ್ಟಿ ಎಡಿಟರ್ ಅನ್ನು ಅಲ್ಲಿಯವರೆಗೆ ನಾನು ಅಲಂಕಾರ ಎಂದು ತಿಳಿದಿದ್ದೆ, ಸಮಯ ಉಳಿದರೆ ಮಾಡುವ ಕೆಲಸ ಎಂದು. ತಂತ್ರಾಂಶದ ಒಳಗೆ ಆ ಮೌಲ್ಯದ ಟೈಪ್ ಪಠ್ಯವಾಗಿರಬಹುದು, ಆದರೆ ಅದನ್ನು ಬಲ್ಲವರ ಕೈಯಲ್ಲಿ ಅದು ಪಠ್ಯವಾಗಿ ಇರುವುದಿಲ್ಲ. ಅದು ಅವರ ಕೈಯಲ್ಲಿ ಯಾವ ರೂಪದಲ್ಲಿದೆಯೋ ಆ ರೂಪವನ್ನು ತೆರೆಗೆ ತರುವುದೇ ಎಡಿಟರ್‌ನ ಕೆಲಸ ಎಂದು ಅವತ್ತು ತಿಳಿಯಿತು.

ಹಾಗಾಗಿ ಮುಂದಿನ ಕೆಲವು ವಾರ ಕೋಡ್ ಮುಟ್ಟಲಿಲ್ಲ. ಹೋಗಿ ಕೂತು ನೋಡಿದೆ.

ಇಳಕಲ್ ಸೀರೆಯನ್ನು ಉಟ್ಟವರು, ಉಟ್ಟವರನ್ನು ನೋಡಿದವರು ನಮ್ಮಲ್ಲಿ ಎಲ್ಲರೂ. ಆದರೆ ಅದರ ಕಟ್ಟಡ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು. ಒಡಲಿನ ಹಾಸು ಬೇರೆ, ದಡಿಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸಿನ ಎಳೆಗಳ ತುದಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಸಿಕ್ಕಿಸುತ್ತಾರೆ, ಅದೇ ಕೊಂಡಿ. ಈ ಕಾರಣಕ್ಕೆ ಒಂದೊಂದು ಸೀರೆಗೂ ಅದರದ್ದೇ ಹಾಸು ಹೂಡಬೇಕು. ಆರು ಗಜವೋ ಎಂಟೋ ಒಂಬತ್ತೋ, ಆ ಸೀರೆಗೆ ಬೇಕಾದಷ್ಟು. ಉದ್ದಕ್ಕೆ ಹಾಸು ಹೂಡಿ ಸಾಲಾಗಿ ನೇಯ್ದು ಕತ್ತರಿಸುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ನನ್ನ ಮೊದಲ ಆವೃತ್ತಿಯಲ್ಲಿ ಸೀರೆಗೆ ಹಾಸು ಒಂದೇ ಇತ್ತು, ಸೆರಗು ಅದರ ತುದಿಯ ಬಣ್ಣ ಬದಲಾವಣೆ ಮಾತ್ರ. ಅದನ್ನು ಕಿತ್ತು ಮೂರು ಹಾಸುಗಳನ್ನು ಸೀರೆಯೊಳಗಿನ ಮೂರು ವಸ್ತುಗಳಾಗಿ ಮಾಡಿದೆ. ಗ್ರಿಡ್‌ನಲ್ಲಿ ಅವು ಎಡಕ್ಕೆ ಕೂಡುಚಿಹ್ನೆ ಇರುವ, ಒತ್ತಿದರೆ ಬಿಚ್ಚಿಕೊಳ್ಳುವ ಸಾಲುಗಳಾದವು.

ಇನ್ನೊಂದು ಸಂಗತಿ ಅಲ್ಲಿ ಕೂತಾಗಲೇ ಗೊತ್ತಾಯಿತು. ದಡಿಯ ಬಣ್ಣವೂ ಸೆರಗಿನ ಬಣ್ಣವೂ ಒಂದೇ. ನಾನು ಎರಡಕ್ಕೂ ಬೇರೆ ಬೇರೆ ಸಾಲು ಇಟ್ಟು, ಆಯ್ಕೆಯ ಸ್ವಾತಂತ್ರ್ಯ ಕೊಟ್ಟೆ ಎಂದುಕೊಂಡಿದ್ದೆ. ಮಾಲೀಕರ ಮೊಮ್ಮಗಳು, ಬಿ.ಕಾಂ ಓದುವವಳು, ದಿನವೂ ಕಂಪ್ಯೂಟರ್ ಮುಂದೆ ಕೂರುವವಳು ಅವಳೇ, ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತಿದ್ದಳು. ಈಗ ದಡಿ ಬದಲಿಸಿದರೆ ಸೆರಗು ತಾನೇ ಹಿಂಬಾಲಿಸುತ್ತದೆ. ಇದಕ್ಕೆ ಗ್ರಿಡ್‌ಗೆ ಒಂದು ಸೂಚನೆ ಕೊಡಬೇಕು: ಈ ಪ್ರಾಪರ್ಟಿ ಬದಲಾದರೆ ಉಳಿದ ಸಾಲುಗಳನ್ನೂ ಮತ್ತೆ ಓದು, ಎಂದು. ರಿಫ್ರೆಶ್‌ಪ್ರಾಪರ್ಟೀಸ್ ಎಂಬ ಒಂದು ಸಾಲಿನ ಗುರುತು. ಅದನ್ನು ಹಾಕದಿದ್ದರೆ ಒಳಗೆ ಮೌಲ್ಯ ಬದಲಾಗಿರುತ್ತದೆ, ತೆರೆ ಹಳೆಯದನ್ನೇ ತೋರುತ್ತಿರುತ್ತದೆ, ನೋಡಿದವರು ಮತ್ತೆ ಬದಲಿಸುತ್ತಾರೆ.

ಇನ್ನು ಪಟ್ಟಿಗಳ ಕ್ರಮ. ಒಡಲಿನ ಎಳೆಗಳು ಒಟ್ಟು 2,400 ಎಂದಿಟ್ಟುಕೊಳ್ಳಿ, ಲೆಕ್ಕ ಸುಲಭವಾಗಲೆಂದು. ನೀಲಿ 48 ಎಳೆ, ಬಿಳಿ 2 ಎಳೆ, ಮತ್ತೆ ನೀಲಿ 48, ಬಿಳಿ 2. ಒಂದು ಆವರ್ತನೆಗೆ 50 ಎಳೆ, 48 ಸಲ ಹಾಕಿದರೆ 2,400 ಕೂಡಿಬರುತ್ತದೆ. ಶೇಷವಿಲ್ಲದ ಭಾಗಾಕಾರ, ಬಹಳ ಚೆಂದ ಎಂದುಕೊಂಡು ಎಡಿಟರ್ ಅದನ್ನೇ ಒಪ್ಪುವಂತೆ ಬರೆದಿದ್ದೆ. ಹಾಸು ಹೂಡುವ ಅಜ್ಜಿ ತೆರೆಯ ಬಲತುದಿಗೆ ಬೆರಳಿಟ್ಟರು. "ಇಲ್ಲಿ ಬಿಳಿ ಬಂದು ದಡಿಗೆ ಹತ್ತೇತಿ ನೋಡು. ಆ ಕಡೆ ನೀಲಿ, ಈ ಕಡೆ ಬಿಳಿ. ಹಾಂಗ ನೇಯ್ದ್ರ ಯಾರ್ ತಗೋತಾರ?" ನಿಜ. ಎಡದಲ್ಲಿ ನೀಲಿಯಿಂದ ಶುರುವಾದ ಒಡಲು ಬಲದಲ್ಲಿ ಬಿಳಿಯಲ್ಲಿ ಮುಗಿಯುತ್ತಿತ್ತು. ಎರಡೂ ದಡಿಗೆ ನೀಲಿಯೇ ತಾಗಬೇಕಾದರೆ ನೀಲಿ ಪಟ್ಟಿ 48, ಬಿಳಿ ಗೆರೆ 47. ಎಳೆ ಎಣಿಸಿದರೆ 2,304ಕ್ಕೆ 94 ಸೇರಿ 2,398. ಎರಡು ಎಳೆ ಉಳಿಯುತ್ತವೆ. ಅವನ್ನೇನು ಮಾಡುತ್ತೀರಿ ಎಂದು ಕೇಳಿದೆ. ಅಜ್ಜಿಗೆ ಈ ಪ್ರಶ್ನೆಯೇ ವಿಚಿತ್ರ ಎನಿಸಿತು. ಆ ಕಡೆ ಒಂದು, ಈ ಕಡೆ ಒಂದು. ತುದಿಯ ನೀಲಿ ಪಟ್ಟಿಗಳು 49 ಎಳೆ ಆಗುತ್ತವೆ, ಯಾವ ಕಣ್ಣಿಗೂ ಕಾಣುವುದಿಲ್ಲ.

ಈಗಿನ ಎಡಿಟರ್ ಒಂದು ಉದ್ದನೆಯ ಪಟ್ಟಿಯಾಗಿ ಇಳಿಯುತ್ತದೆ. ಒಂದು ಆವರ್ತನೆಯನ್ನು ಎಳೆದು ಹಿಗ್ಗಿಸಿ ಕುಗ್ಗಿಸಬಹುದು. ಎರಡೂ ತುದಿಗಳು ಯಾವಾಗಲೂ ದೊಡ್ಡದಾಗಿ ಕಾಣುತ್ತವೆ, ಏಕೆಂದರೆ ಅವರು ಮೊದಲು ನೋಡುವುದು ತುದಿಗಳನ್ನು. ಉಳಿದ ಎಳೆಗಳನ್ನು ಎಡಿಟರ್ ಎರಡೂ ಕಡೆ ಹಂಚಿ ತೋರಿಸುತ್ತದೆ, ಬೇಡವಾದರೆ ಕೈಯಿಂದ ಸರಿಸಬಹುದು. ಇದನ್ನು ಬರೆಯಲು ಇಡೀ ತಂತ್ರಾಂಶದ ಉಳಿದ ಭಾಗಕ್ಕೆ ಹಿಡಿದಷ್ಟೇ ಸಮಯ ಹಿಡಿಯಿತು. ಗ್ರಿಡ್‌ನಲ್ಲಿ ಅದು ಈಗಲೂ ಒಂದೇ ಒಂದು ಸಾಲು.

ಸಂಖ್ಯೆಗಳ ಬಗ್ಗೆ ಒಂದು ಮಾತು. ಸರಳ ಸಂಖ್ಯೆಗೆ ಎಡಿಟರ್ ಯಾಕೆ, ಡಬ್ಬಿಯೇ ಸಾಕು ಎಂದು ನಾನೂ ನಂಬಿದ್ದೆ. ಒಂದು ದಿನ ಮೊಮ್ಮಗಳು ಫೋನ್ ಮಾಡಿ, ಏನು ಬರೆದರೂ ತೆಗೆದುಕೊಳ್ಳುತ್ತಿಲ್ಲ, ಇಂಗ್ಲಿಷ್‌ನಲ್ಲಿ ಬೈಯುತ್ತಿದೆ ಎಂದಳು. ಪ್ರಾಪರ್ಟಿಯ ಮೌಲ್ಯ ಸರಿಯಿಲ್ಲ ಎಂಬ ಆ ಹಳೆಯ ಡಬ್ಬಿ ಸಂದೇಶ. ಅವಳು ಬರೆದದ್ದು ೪೮. ಕನ್ನಡ ಕೀಲಿಮಣೆಯಲ್ಲಿ ಲೆಕ್ಕ ಬರೆಯುವ ಮನೆ ಅದು, ಅಂಕಿಗಳೂ ಕನ್ನಡವೇ. ಡಾಟ್‌ನೆಟ್‌ನಲ್ಲಿ ಒಂದು ಅಕ್ಷರ ಅಂಕಿಯೇ ಎಂದು ಕೇಳುವ ಫಂಕ್ಷನ್ ಕರೆಗೆ ೪ ಕೊಟ್ಟರೆ ಹೌದು ಎನ್ನುತ್ತದೆ, ಆದರೆ ಪಠ್ಯವನ್ನು ಸಂಖ್ಯೆಯಾಗಿ ಓದುವ ಕರೆ 0ಯಿಂದ 9ರವರೆಗಿನ ಆಸ್ಕಿ ಅಂಕಿಗಳ ಹೊರತು ಬೇರೇನನ್ನೂ ಒಪ್ಪುವುದಿಲ್ಲ. ಜಾವಾದಲ್ಲಿ ಅದೇ ೪೮ ತಕರಾರಿಲ್ಲದೆ 48 ಆಗುತ್ತದೆ. ನಮ್ಮ ಅಂಕಿಗಳು ಯುನಿಕೋಡ್‌ನಲ್ಲಿ ಸಾಲಾಗಿ, ತಮ್ಮ ಬೆಲೆಯ ಸಮೇತ, ದಾಖಲಾಗಿವೆ. ಓದುವ ಕೋಡ್ ಕೇಳಬೇಕಷ್ಟೆ. ನನ್ನದೇ ಟೈಪ್‌ಕನ್ವರ್ಟರ್ ಬರೆದು, ಪ್ರತಿ ಅಕ್ಷರದ ದಶಮಾಂಶ ಬೆಲೆ ಕೇಳಿ ಜೋಡಿಸಿದೆ. ತಿರುಗಿ ತೋರಿಸುವಾಗಲೂ ಆ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಅಂಕಿಯೇ ಬರುತ್ತದೆ. ಹೋದ ದಾರಿಯಲ್ಲೇ ಮರಳಿ ಬರುವಂತಿರಬೇಕು, ಅದು ಕನ್ವರ್ಟರ್‌ನ ಮೊದಲ ಪರೀಕ್ಷೆ.

ನೂಲಿನ ನಂಬರ್ ಇನ್ನೊಂದು ಪಾಠ. ಹತ್ತಿ ನೂಲಿನ ಕೌಂಟ್ ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಬರುತ್ತವೆ ಎಂಬ ಲೆಕ್ಕ. 80ರ ನೂಲು ಒಂದು ಪೌಂಡಿಗೆ 67,200 ಗಜ. ಸಂಖ್ಯೆ ಏರಿದಷ್ಟೂ ನೂಲು ಸಣ್ಣ. ರೇಷ್ಮೆಗೆ ಮತ್ತು ಆರ್ಟ್ ಸಿಲ್ಕ್‌ಗೆ ಡೆನಿಯರ್: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಸಂಖ್ಯೆ ಏರಿದಷ್ಟೂ ನೂಲು ದಪ್ಪ. ಒಡಲು ಹತ್ತಿ, ದಡಿ ರೇಷ್ಮೆಯಾಗಿರುವ ಸೀರೆಯಲ್ಲಿ ಈ ಎರಡೂ ಸಂಖ್ಯೆ ಒಂದರ ಕೆಳಗೊಂದು ಬರುತ್ತವೆ, ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು. ಬರಿಯ ಡಬ್ಬಿಯಲ್ಲಿ 80 ಎಂದಿದ್ದರೆ ಯಾವ 80? ಆ ಸಾಲಿನ 20 ಪಿಕ್ಸೆಲ್ ಜಾಗದಲ್ಲಿ ನೂಲಿನ ದಪ್ಪವನ್ನೇ ಗೆರೆಯಾಗಿ ಎಳೆದೆ. 80 ಕೌಂಟ್ ಎಂದರೆ ಸುಮಾರು 66 ಡೆನಿಯರ್. ಒಡಲು ದಡಿ ಎರಡರ ಗೆರೆಯೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಕಾಣುತ್ತವೆ. ತಪ್ಪು ಬರೆದರೆ ಗೆರೆ ಹಗ್ಗದಂತಾಗುತ್ತದೆ.

ನವನಗರದಲ್ಲಿ ಬೆಳೆದವನಿಗೆ ಸಂಖ್ಯೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಅಂಜಿಕೆ ಇರುವುದು ಸಹಜ. ಆಲಮಟ್ಟಿ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ನಮ್ಮ ಊರಿನ ಚಹಾದಂಗಡಿಗಳಲ್ಲಿ ವರ್ಷಗಳಿಂದ ನಡೆಯುತ್ತಿದೆ. ಕಾಗದದ ಮೇಲೆ 4.656ರ ವ್ಯತ್ಯಾಸ. ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋಗಿ, ಮನೆಯ ಗುರುತು ಸೆಕ್ಟರ್ ನಂಬರ್ ಆದದ್ದನ್ನು ಕಂಡವರು ಆ ಸಂಖ್ಯೆಯನ್ನು ಹಾಗೆ ಓದಲಾರರು. ಡಬ್ಬಿಗೆ ಇದೇನೂ ಗೊತ್ತಿಲ್ಲ, 519 ಅಳಿಸಿ 524 ಎಂದು ಬರೆದರೆ ಅದು ತೆಗೆದುಕೊಳ್ಳುತ್ತದೆ. ನಾನು ಬರೆಯುವ ಎಡಿಟರ್‌ಗಳಲ್ಲಿ, ಸಂಖ್ಯೆ ಬದಲಾಯಿಸಿ ಎಂಟರ್ ಒತ್ತುವ ಮೊದಲೇ, ಅದರಿಂದ ಏನೇನು ಬದಲಾಗುತ್ತದೆ ಎಂದು ಪಕ್ಕದಲ್ಲಿ ತೋರಿಸುತ್ತೇನೆ. ಎಷ್ಟು ಲಡಿ ಹೆಚ್ಚು ಬೇಕು, ಸೆರಗು ಎಷ್ಟು ಇಂಚು ಉಳಿಯುತ್ತದೆ, ಅಷ್ಟು. ಗ್ರಿಡ್ ಇದನ್ನು ಬೇಡುವುದಿಲ್ಲ. ನನಗೆ ಬೇಕು.

ಈಗ ನಾನು ಮಾಡಿದ ತಪ್ಪಿನ ವಿಷಯ. ಇದನ್ನು ವಿವರವಾಗಿಯೇ ಬರೆಯಬೇಕು, ಇಂಥ ಎಡಿಟರ್ ಬರೆಯುವ ಇನ್ನೊಬ್ಬರಿಗೆ ಉಪಯೋಗವಾದೀತು.

ದಡಿಯ ಎಡಿಟರ್ ಮೂರು ಚುಕ್ಕೆಯ ಗುಂಡಿಯಿಂದ ತೆರೆಯುವ ಕಿಟಕಿ. ಗೋಮಿ, ಚಿಕ್ಕಿ ಪರಾಸ, ಗಾಡಿ ಎಂಬ ದಡಿ ನಮೂನೆಗಳಲ್ಲಿ ಒಂದನ್ನು ಆರಿಸಿ, ಎಳೆ ಎಳೆಯಾಗಿ ತಿದ್ದಬಹುದು. ಗ್ರಿಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಸೀರೆ ಆರಿಸಿ, ಎಲ್ಲಕ್ಕೂ ಒಂದೇ ಸಲ ದಡಿ ಹಾಕುವುದೂ ಸಾಧ್ಯ. ಮೊಮ್ಮಗಳು ನಾಲ್ಕು ಸೀರೆಗಳನ್ನು ಆರಿಸಿ ಒಂದೇ ಚಿಕ್ಕಿ ಪರಾಸ ಹಾಕಿದಳು. ಎರಡು ದಿನ ಬಿಟ್ಟು ಅವುಗಳಲ್ಲಿ ಒಂದನ್ನೇ ತೆರೆದು ದಡಿಯನ್ನು ನಾಲ್ಕು ಎಳೆ ಅಗಲ ಮಾಡಿದಳು. ಉಳಿದ ಮೂರೂ ಅಗಲವಾದವು. ಯಾರೂ ಗಮನಿಸಲಿಲ್ಲ. ಮುದ್ರಿಸಿದ ಹಾಳೆ ನೋಡಿ ಹಾಸು ಹೂಡಿದರು, ಕೊಂಡಿ ಹಾಕುವ ಹೊತ್ತಿಗೆ ಎಳೆ ಹೊಂದಲಿಲ್ಲ.

ಕಾರಣ ನನ್ನ ಕೋಡ್. ಹಲವು ವಸ್ತುಗಳಿಗೆ ಒಂದು ಮೌಲ್ಯ ಹಾಕುವಾಗ ಗ್ರಿಡ್ ತನ್ನ ಮಟ್ಟಿಗೆ ಎಚ್ಚರವಾಗಿಯೇ ಇರುತ್ತದೆ. ಪ್ರತಿಯೊಂದಕ್ಕೂ ಬೇರೆ ನಕಲು ಕೊಡಲು ನೋಡುತ್ತದೆ. ವಸ್ತು ತನ್ನನ್ನು ತಾನು ನಕಲು ಮಾಡಿಕೊಳ್ಳಬಲ್ಲೆ ಎಂದರೆ ಅದರ ಮಾತನ್ನು ನಂಬುತ್ತದೆ. ನನ್ನ ದಡಿಯ ಕ್ಲೋನ್ ಮೇಲಿನ ಪದರವನ್ನಷ್ಟೇ ನಕಲು ಮಾಡುತ್ತಿತ್ತು. ಒಳಗಿನ ಎಳೆಗಳ ಪಟ್ಟಿ ಒಂದೇ, ನಾಲ್ಕು ದಡಿಗಳೂ ಅದನ್ನೇ ಹಿಡಿದುಕೊಂಡಿದ್ದವು. ಅದರ ಮೇಲೆ ಇನ್ನೊಂದು ತಪ್ಪು: ನನ್ನ ಎಡಿಟರ್ ತನ್ನ ಕೈಗೆ ಬಂದ ದಡಿಯನ್ನೇ ತಿದ್ದಿ, ಅದನ್ನೇ ಹಿಂದಿರುಗಿಸುತ್ತಿತ್ತು. ಕೊಟ್ಟ ವಸ್ತುವೇ ಮರಳಿ ಬಂದರೆ ಗ್ರಿಡ್ ಏನೂ ಬದಲಾಗಿಲ್ಲ ಎಂದು ತಿಳಿಯುತ್ತದೆ. ಮೌಲ್ಯ ಹಾಕುವ ಕರೆಯೇ ಆಗುವುದಿಲ್ಲ, ರದ್ದು ಮಾಡುವ ಪಟ್ಟಿಗೆ ದಾಖಲೆ ಸೇರುವುದಿಲ್ಲ, ಕಡತ ಉಳಿಸಬೇಕೆಂಬ ನೆನಪೂ ಬರುವುದಿಲ್ಲ. ಜಾವಾಬೀನ್ಸ್‌ನ ಪ್ರಾಪರ್ಟಿ ಎಡಿಟರ್ ದಸ್ತಾವೇಜಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಕೊಟ್ಟ ವಸ್ತುವನ್ನು ಎಡಿಟರ್ ಬದಲಿಸಕೂಡದು, ಬದಲಾದ ಮೌಲ್ಯಕ್ಕೆ ಹೊಸ ವಸ್ತು ಮಾಡಬೇಕು. ನಾನು ಅದನ್ನು ಕಾಲೇಜಿನಲ್ಲಿ ಓದಿದ್ದೆ.

ಒಂದು ಸೀರೆಯ ಹಾಸು ಹಾಳಾಯಿತು. ಕೊಂಡಿಯ ಸೀರೆಯಾದ್ದರಿಂದ ಒಂದೇ ಹೋಯಿತು. ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ನೇಯುವ ಮಗ್ಗವಾಗಿದ್ದರೆ ಎಷ್ಟು ಹೋಗುತ್ತಿತ್ತೋ. ನೂಲಿನ ಹಣ ಕೊಡುತ್ತೇನೆಂದೆ, ಮಾಲೀಕರು ಬೇಡವೆಂದರು. ಅಜ್ಜಿ ಎರಡು ದಿನ ಕೂತು ಹೂಡಿದ್ದ ಹಾಸು ಅದು. ಅದನ್ನು ಬಿಚ್ಚಿ ಮತ್ತೆ ಸುತ್ತುವಾಗ ನಾನು ಪಕ್ಕದಲ್ಲೇ ಕೂತಿದ್ದೆ, ಎಳೆ ಹಿಡಿದುಕೊಂಡು.

ಆಮೇಲೆ ಆ ತಂತ್ರಾಂಶದ ದಡಿ, ಪಟ್ಟಿ, ಸೆರಗು ಎಲ್ಲವನ್ನೂ ಬದಲಾಗದ ವಸ್ತುಗಳಾಗಿ ಮಾಡಿದೆ. ಹುಟ್ಟಿದ ಮೇಲೆ ಯಾರೂ ತಿದ್ದುವಂತಿಲ್ಲ. ಎಡಿಟರ್ ತನ್ನದೇ ಕರಡಿನ ಮೇಲೆ ಕೆಲಸ ಮಾಡಿ, ಕೊನೆಗೆ ಹೊಸ ದಡಿಯೊಂದನ್ನು ಕೊಡುತ್ತದೆ. ಹಾಗೆ ಮಾಡಿದಾಗ ಇನ್ನೊಂದು ತೊಡಕು ತಾನಾಗಿ ಬಿಡಿಸಿಕೊಂಡಿತು. ಡ್ರಾಪ್‌ಡೌನ್ ಎಡಿಟರ್‌ಗಳಲ್ಲಿ, ಇಳಿದ ಪಟ್ಟಿ ಮುಚ್ಚಿಕೊಂಡಾಗ, ಬಳಸುವವರು ಒಪ್ಪಿ ಮುಚ್ಚಿದರೋ ಎಸ್ಕೇಪ್ ಒತ್ತಿ ಮುಚ್ಚಿದರೋ ಎಂದು ಪಟ್ಟಿ ಇಳಿಸುವ ಕರೆ ಹೇಳುವುದಿಲ್ಲ. ಎರಡಕ್ಕೂ ಅದೇ ಮೌನ. ಎಸ್ಕೇಪ್ ಒತ್ತಿದ್ದನ್ನು ನಮ್ಮ ಕಂಟ್ರೋಲ್ ತಾನೇ ಗುರುತು ಹಿಡಿದು ನೆನಪಿಟ್ಟುಕೊಳ್ಳಬೇಕು, ಹಳೆಯ ಮೌಲ್ಯವನ್ನು ಹಾಗೇ ಹಿಂದಿರುಗಿಸಬೇಕು. ಮೊದಲಿನ ನನ್ನ ಎಡಿಟರ್‌ಗಳಲ್ಲಿ ಬೇಡ ಎಂದರೂ ಬೇಕು ಎಂದೇ ಆಗುತ್ತಿತ್ತು. "ಬ್ಯಾಡ ಅಂದ್ರೂ ಹತ್ತತೈತಿ" ಎಂದು ಮೊಮ್ಮಗಳು ಎರಡು ಸಲ ಹೇಳಿದ್ದಳು, ಅವಳು ಗುಂಡಿ ತಪ್ಪು ಒತ್ತುತ್ತಿದ್ದಾಳೆ ಎಂದುಕೊಂಡು ನಾನು ಕೇಳಿರಲಿಲ್ಲ. ಅದಕ್ಕೆ ಅವಳ ಕ್ಷಮೆ ಕೇಳಿದ್ದೇನೆ.

ಸೆರಗಿನ ನಮೂನೆಗಳ ಎಡಿಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಣಿಗೆ, ಕೋಟೆ ಕಮ್ಮಲಿ, ಟೋಪು ತೆನೆ, ರಂಪ. ಬಾಚಣಿಗೆಯ ಹಲ್ಲು, ಕೋಟೆಯ ತೆನೆಗೋಡೆ, ಜೋಳದ ತೆನೆ, ಗುಡ್ಡದ ಸಾಲು. ನಮ್ಮ ಸೀಮೆಯಲ್ಲಿ ಕಣ್ಣೆತ್ತಿದರೆ ಕಾಣುವುದೆಲ್ಲ ಸೆರಗಿನಲ್ಲಿದೆ. ಹೆಸರಿನ ಪಟ್ಟಿ ತೆಗೆದು ಚಿತ್ರದ ಪಟ್ಟಿ ಮಾಡಿದೆ, ಹೆಸರನ್ನು ಚಿತ್ರದ ಕೆಳಗೆ ಇಟ್ಟೆ. ಒತ್ತಕ್ಷರಗಳ ಬಾಲ ಕತ್ತರಿಸಿಹೋಗದಂತೆ ಸಾಲಿನ ಎತ್ತರಕ್ಕೆಂದು ಅಕ್ಷರದ ಗಾತ್ರವನ್ನು ಒಂದಿಷ್ಟು ಹೊಂದಿಸಬೇಕಾಯಿತು. ಅಷ್ಟೇ.

ಬಣ್ಣ ಮಾತ್ರ ಇನ್ನೂ ಮುಗಿದಿಲ್ಲ.

ಗ್ರಿಡ್‌ನೊಂದಿಗೆ ಬರುವ ಬಣ್ಣದ ಎಡಿಟರ್‌ನಲ್ಲಿ ಮೂರು ಹಾಳೆಗಳಿವೆ. ಇಡೀ ವ್ಯವಸ್ಥೆಯಲ್ಲಿ 1,67,77,216 ಬಣ್ಣ ಸಾಧ್ಯ. ಆ ಮನೆಯ ನೂಲಿನ ಪೆಟ್ಟಿಗೆಯಲ್ಲಿ ಆಗ ಇದ್ದ ಬಣ್ಣಗಳು ಮೂವತ್ತನಾಲ್ಕು. ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು, ಹೀಗೆ. ಇಲ್ಲದ ಬಣ್ಣವನ್ನು ಆರಿಸಲು ಬಿಡುವ ಎಡಿಟರ್ ನೇಕಾರರಿಗೆ ಏನು ಕೆಲಸಕ್ಕೆ ಬಂದೀತು? ನನ್ನ ಎಡಿಟರ್‌ನಲ್ಲಿ ಪೆಟ್ಟಿಗೆಯಲ್ಲಿರುವ ಲಡಿಗಳು ಮಾತ್ರ ಇಳಿಯುತ್ತವೆ, ಬಾಗಿಲ ಬೆಳಕಿನಲ್ಲಿ ನಾನೇ ತೆಗೆದ ಚಿತ್ರಗಳು. ನೂಲು ಮುಗಿದ ಬಣ್ಣ ಮಸುಕಾಗುತ್ತದೆ. ಇದು ಸರಿಯಾಗಿ ಬಂತು ಎಂದುಕೊಂಡೆ.

ಮುಂದಿನ ಸಲ ಹೋದಾಗ ಮಾನಿಟರಿನ ಮೇಲಂಚಿಗೆ ದಾರಗಳು ಕಟ್ಟಿದ್ದವು. ಒಂದೊಂದು ಲಡಿಯಿಂದಲೂ ಗೇಣುದ್ದ ಕತ್ತರಿಸಿ, ಸಾಲಾಗಿ, ಬಿಗಿಯಾಗಿ ಗಂಟು ಹಾಕಿದ್ದರು ಅಜ್ಜಿ. ಬಣ್ಣ ಹಾಕಿಸಿ ತಂದ ಪ್ರತಿ ಸಲವೂ ದಾಳಿಂಬೆ ಕೆಂಪು ಒಂದಿಷ್ಟು ಬೇರೆ ಬರುತ್ತದೆ, ತೆರೆಯ ಕೆಂಪು ಅಲ್ಲೇ ಇರುತ್ತದೆ. "ಅದು ಹೆಸರು ಹೇಳ್ತೈತಿ. ಬಣ್ಣ ಇಲ್ಲಿ ನೋಡ್ತೀನಿ," ಎಂದರು, ದಾರ ಮುಟ್ಟಿ.

ಮೊದಲು ನನಗೆ ಸ್ವಲ್ಪ ನೋವಾಯಿತು. ಆಮೇಲೆ ಗಮನಿಸಿದೆ, ದಾರಗಳ ಕ್ರಮ ನನ್ನ ಪಟ್ಟಿಯ ಅಕಾರಾದಿ ಕ್ರಮವಾಗಿರಲಿಲ್ಲ. ಕೆಂಪುಗಳೆಲ್ಲ ಒಂದು ಕಡೆ, ತಿಳಿಯಿಂದ ಗಾಢಕ್ಕೆ. ಆಮೇಲೆ ಹಸಿರುಗಳು, ನೀಲಿಗಳು. ಜೋಡಿಯಾಗಿ ನೇಯುವ ಎರಡು ಬಣ್ಣಗಳು ಪಕ್ಕ ಪಕ್ಕ. ಪಟ್ಟಿಯಿಂದ ಅಕಾರಾದಿ ತೆಗೆದು, ದಾರಗಳ ಕ್ರಮವನ್ನೇ ಹಾಕಿದೆ, ತೆರೆದಾಗ ಅಡ್ಡಸಾಲಾಗಿ, ಮಾನಿಟರಿನ ಮೇಲಂಚಿನ ಹಾಗೆಯೇ ಕಾಣುವಂತೆ. ಹೊಸ ಲಡಿ ಬಂದರೆ ಅಜ್ಜಿ ದಾರ ಎಲ್ಲಿ ಕಟ್ಟುತ್ತಾರೆ ಎಂದು ನೋಡಿ ಮೊಮ್ಮಗಳು ಪಟ್ಟಿಯಲ್ಲೂ ಅಲ್ಲೇ ಸೇರಿಸುತ್ತಾಳೆ.

ಕಳೆದ ವಾರ ಅವಳು ಫೋಟೋ ಕಳಿಸಿದ್ದಳು. ಮೇಲಂಚು ತುಂಬಿದೆ, ನೀಲಿಗಳು ಬಲಬದಿಗೆ ಇಳಿಯತೊಡಗಿವೆ. ನಾನು ಪಟ್ಟಿಗೆ ಬಲಗಡೆ ಒಂದು ಉದ್ದಸಾಲು ಸೇರಿಸುತ್ತಿದ್ದೇನೆ.